ಉಕ್ಕಿನ ಟೋಪಿಯ ಒಳ ಅಂಚು

ಹೆಲ್ಮೆಟ್ಟನ್ನು ಅವರು ಕಾಫಿ ಚೀಲವೊಂದರಲ್ಲಿ ಸುತ್ತಿ ತಂದಿದ್ದರು. ಸುಂಟಿಕೊಪ್ಪದ ಬಸ್ ನಿಲ್ದಾಣದಿಂದ ನನ್ನ ಕಾರ್ಯಾಗಾರದವರೆಗೆ ಏರು ರಸ್ತೆ. ಎಪ್ಪತ್ತೈದು ದಾಟಿದ, ಎಡಗೈ ಸ್ವಾಧೀನವಿಲ್ಲದ ಆ ಮನುಷ್ಯ ಅದನ್ನು ಬಲಗಂಕುಳಲ್ಲಿ ಅವುಚಿಕೊಂಡು ಹತ್ತಿ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಚೀಲ ಬಿಚ್ಚಿ ಮೇಜಿನ ಮೇಲಿಟ್ಟು, "ಇದರ ಬಣ್ಣ ತೆಗೀಬೇಕು ಮೇಡಂ. ನಾನು ಬಳಿದದ್ದು ಮಾತ್ರ. ಅದರ ಕೆಳಗಿನದ್ದನ್ನು ಮುಟ್ಟಬಾರದು" ಎಂದರು.

ಹಳೆಯ ಲೋಹದ ವಸ್ತುಗಳನ್ನು ಶುಚಿ ಮಾಡುವುದು, ದುರಸ್ತಿ ಮಾಡುವುದು ನನ್ನ ಕೆಲಸ. ತೂಗುದೀಪ, ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ, ಹಿತ್ತಾಳೆ ಕೀಲಿನ ಪೆಟ್ಟಿಗೆ ಇಂಥವೇ ಹೆಚ್ಚು. ಸೈನ್ಯಕ್ಕೆ ಒಬ್ಬರನ್ನಾದರೂ ಕಳಿಸದ ಮನೆ ಕೊಡಗಿನಲ್ಲಿ ಅಪರೂಪವಾದ್ದರಿಂದ ಮಿಲಿಟರಿ ಸಾಮಾನೂ ಆಗಾಗ ಬರುತ್ತದೆ. ಈ ಹೆಲ್ಮೆಟ್ ಎರಡನೇ ಮಹಾಯುದ್ಧದ ಕಾಲದ ಮಾದರಿ. ಬೋಗುಣಿಯನ್ನು ಮಗುಚಿಟ್ಟ ಹಾಗಿನ ಆಕಾರ, ಸುತ್ತ ಅಗಲವಾದ ಅಂಚು. ಹಳೆಯ ದಾಸ್ತಾನಿನಲ್ಲಿದ್ದ ಇಂಥವನ್ನೇ ಎಪ್ಪತ್ತೊಂದರ ಯುದ್ಧದಲ್ಲಿ ತಮ್ಮ ತುಕಡಿಗೂ ಕೊಟ್ಟಿದ್ದರು ಎಂದು ಅವರು ಹೇಳಿದರು. ಸಂಗ್ರಾಹಕರಿಗೆ ಇದರ ಮೇಲೆ ಬಹಳ ಆಸೆ. ಮೇಲಿನ ಬಣ್ಣ ಹೋಗಿ ಯುದ್ಧಕಾಲದ ಬಣ್ಣ ಕಂಡಿತೆಂದರೆ ಅವರಿಗೆ ಅದಕ್ಕಿಂತ ಬೇರೆ ಬೇಡ. ಇವರೂ ಅಂಥ ಯಾರಿಗೋ ತಂದಿರಬೇಕು ಎಂದುಕೊಂಡೆ.

"ಮಾರಲಿಕ್ಕಾ?"

"ಅಲ್ಲ. ಕೊಡಲಿಕ್ಕೆ."

ಯಾರಿಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹವಾಲ್ದಾರ್ ಆಗಿ ನಿವೃತ್ತರಾದವರು. ಮಾದಾಪುರದ ಹತ್ತಿರ ಸ್ವಲ್ಪ ಕಾಫಿ ತೋಟವಿದೆ. ಮನೆಯಲ್ಲಿ ಆಡುವುದು ಅರೆಭಾಷೆ, ನನ್ನ ಜೊತೆ ಒಂದೊಂದೇ ಶಬ್ದವನ್ನು ಆರಿಸಿ ಇಡುವಂಥ ಕನ್ನಡ. ಪಾರ್ಶ್ವವಾಯು ಬಡಿದ ಮೇಲೆ ಎಡಗೈ ಕೆಲಸಕ್ಕೆ ಬಾರದು. ಒಂದೇ ಕೈಯಲ್ಲಿ ತಾವೇ ಮರಳು ಕಾಗದ ಹಿಡಿದು ಉಜ್ಜಿ ನೋಡಿದ್ದರು. ಅಂಚಿನ ಒಂದು ಕಡೆ ಅಂಗೈಯಗಲ ಜಾಗದಲ್ಲಿ ಬಣ್ಣವೆಲ್ಲ ಹೋಗಿ, ಬೆತ್ತಲೆ ಉಕ್ಕು ಹೊಳೆಯುತ್ತಿತ್ತು.

"ಇಲ್ಲಿ ನೋಡಿದೆ. ನನ್ನದೂ ಹೋಯ್ತು, ಅದರದ್ದೂ ಹೋಯ್ತು. ಹಾಗಾಗಿ ಬಂದೆ" ಎಂದರು.

ಆ ಜಾಗ ಅವರಿಗೆ ನಷ್ಟವಾಗಿದ್ದರೂ ನನಗೆ ಉಪಯೋಗಕ್ಕೆ ಬಂತು. ಉಜ್ಜಿದ ಜಾಗದ ಅಂಚಿನಲ್ಲಿ ಬಣ್ಣದ ಪದರಗಳು ಓರೆಯಾಗಿ ಸವೆದು ಒಂದರ ಪಕ್ಕ ಒಂದು ತೆರೆದುಕೊಂಡಿದ್ದವು. ಭೂತಗನ್ನಡಿ ಹಿಡಿದು ನೋಡಿದೆ. ಮೇಲೆ ಬೆಳ್ಳಿ ಬಣ್ಣ. ಅದರ ಕೆಳಗೆ ಕಡು ಹಸಿರು, ನೀಲಿ, ಮತ್ತೆ ಒಂದು ಹಸಿರು, ಕಪ್ಪು. ಎಲ್ಲದರ ಕೆಳಗೆ ಒಣಗಿದ ಜೇಡಿಯಂಥ ಮಂಕು ಕಂದು. ಬೆಳಕಿಗೆ ಮಿಂಚಬಾರದೆಂದು ಇಂಥ ಹೆಲ್ಮೆಟ್ಟುಗಳ ಬಣ್ಣದಲ್ಲಿ ಮರಳು ಸೇರಿಸುತ್ತಿದ್ದರು. ಆ ಕಂದು ಪದರ ಬೆರಳಿಗೆ ತರಿತರಿಯಾಗಿತ್ತು. ಅದೇ ಮೂಲ ಬಣ್ಣ.

"ಇಷ್ಟು ಸಲ ಯಾಕೆ ಬಳಿದಿರಿ?" ಎಂದು ಕೇಳಿದೆ.

"ಮನೆಗೆ ಬಣ್ಣ ಹೊಡೆದಾಗ ಉಳಿದದ್ದು. ಈ ನೀಲಿ ಕಿಟಕಿಗೆ ತಂದದ್ದು. ಬೆಳ್ಳಿ ಗೇಟಿನದ್ದು." "ತುಕ್ಕು ಹಿಡೀಬಾರದು ಅಲ್ಲವಾ" ಎಂದು ಸೇರಿಸಿದರು.

ಕೆಲಸ ಒಪ್ಪಿಕೊಂಡೆ. ಹೋಗುವಾಗ ಬಾಗಿಲಲ್ಲಿ ನಿಂತು, "ಒಳಗಡೆ ಅಂಚಿನಲ್ಲಿ ಜಾಗ್ರತೆ" ಎಂದಷ್ಟೇ ಹೇಳಿದರು.

ಕಾಫಿ ಕೊಯ್ಲು ಶುರುವಾಗಿತ್ತು. ನನ್ನ ಕಿಟಕಿಯ ಕೆಳಗೆ ಬೆಳಿಗ್ಗೆಯಿಂದಲೇ ಕೆಲಸದವರನ್ನು ತುಂಬಿಕೊಂಡ ಜೀಪುಗಳು ಎಸ್ಟೇಟುಗಳ ಕಡೆ ಹೋಗುತ್ತಿದ್ದವು. ಚಳಿಗಾಲದ ಮಂಜು ಬಿಸಿಲೇರುವವರೆಗೂ ಕರಗದು. ಬೆತ್ತಲೆ ಉಕ್ಕಿಗೆ ಮಂಜು ದೊಡ್ಡ ವೈರಿ. ಅಂಗೈಯಗಲದ ಆ ಜಾಗಕ್ಕೆ ಮೊದಲು ತೆಳುವಾಗಿ ಮೇಣ ಹಚ್ಚಿ, ನಂತರ ಉಳಿದದ್ದಕ್ಕೆ ಕೈ ಹಾಕಿದೆ.

ಪೇಂಟ್ ಕೀಳುವ ರಾಸಾಯನಿಕ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಬಳಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಆದರೆ ಅದಕ್ಕೆ ಹಳೆಯದು ಹೊಸದು ಎಂಬ ಭೇದವಿಲ್ಲ, ಉಕ್ಕಿನವರೆಗೂ ತಿನ್ನುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವುದರಿಂದ ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸುವ ಹಾಗೂ ಇಲ್ಲ. ಹೆಲ್ಮೆಟ್ಟಿನ ಹಿಂಬದಿಯಲ್ಲಿ, ಉಗುರಿನಷ್ಟು ಗಾತ್ರದ ಚೌಕಗಳನ್ನು ಗುರುತು ಹಾಕಿಕೊಂಡು ಒಂದೊಂದಕ್ಕೂ ಒಂದೊಂದು ದ್ರಾವಕವನ್ನು ಹತ್ತಿಯಲ್ಲಿ ಅದ್ದಿ ಇಟ್ಟು ನೋಡಿದೆ. ಸ್ಪಿರಿಟ್ಟಿಗೆ ಬೆಳ್ಳಿ ಬಣ್ಣ ಮಾತ್ರ ಮೆತ್ತಗಾಯಿತು. ಅಸಿಟೋನ್ ಹಸಿರನ್ನೂ ನೀಲಿಯನ್ನೂ ಒಟ್ಟಿಗೆ ಎಬ್ಬಿಸಿತು, ಆದರೆ ನೋಡನೋಡುತ್ತ ಆರಿಹೋಗುತ್ತಿತ್ತು. ಅದನ್ನೇ ಜೆಲ್‌ನಲ್ಲಿ ಬೆರೆಸಿ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಣ್ಣ ಸುಕ್ಕುಗಟ್ಟುವವರೆಗೆ ಮಾತ್ರ ಕಾದು, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಮೇಲಿನವು ಸಿಪ್ಪೆಯಾಗಿ ಬರುತ್ತಿದ್ದವು. ಕೊನೆಯ ಕಪ್ಪು ಪದರ ಮಾತ್ರ ಮೂಲ ಬಣ್ಣದ ಮರಳಿನ ಸಂದುಗಳಿಗೆ ಇಳಿದು ಗಟ್ಟಿಯಾಗಿ ಕೂತಿತ್ತು. ಅಲ್ಲಿ ಕಡ್ಡಿಯ ತುದಿಯನ್ನು ಚೂಪು ಮಾಡಿಕೊಂಡು, ಭೂತಗನ್ನಡಿಯ ಕೆಳಗೆ ಒಂದೊಂದೇ ಸಂದಿನಿಂದ ಅದನ್ನು ಎತ್ತಬೇಕು. ದಿನವೆಲ್ಲ ಕೂತರೂ ಬೆಂಕಿಪೆಟ್ಟಿಗೆಯಷ್ಟು ಜಾಗ ಮಾತ್ರ ಆಗುತ್ತಿತ್ತು.

ಒಂದು ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ಸಂಜೆ ತೆರೆದ ಜಾಗದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು. ಮೂಲ ಬಣ್ಣದಲ್ಲೇ ಸೂಜಿಮೊನೆಯಂಥ ಬಿರುಕುಗಳಿದ್ದವು. ಅವುಗಳೊಳಗೆ ಮಂಜಿನ ತೇವ ಹೋಗಿ ರಾತ್ರಿಯಲ್ಲೇ ತುಕ್ಕು ಎದ್ದಿತ್ತು. ಅಂದು ಬೇರೇನೂ ಮಾಡದೆ ಆ ಚುಕ್ಕೆಗಳನ್ನೇ ತೆಗೆದೆ. ಮುಂದೆ ಪ್ರತಿ ಸಂಜೆ ಹೆಲ್ಮೆಟ್ಟನ್ನು ಮರದ ಪೆಟ್ಟಿಗೆಯೊಳಗಿಟ್ಟು, ಸಣ್ಣ ಬಲ್ಬೊಂದನ್ನು ಉರಿಸಿಟ್ಟು ಹೋಗತೊಡಗಿದೆ. ಒಳಗಿನ ಗಾಳಿ ಒಣಗಿದ್ದರೆ ಸಾಕಿತ್ತು.

ಹವಾಲ್ದಾರರು ವಾರಕ್ಕೊಮ್ಮೆ, ಸಂತೆಗೆಂದು ಪೇಟೆಗೆ ಬಂದಾಗ, ಹತ್ತಿ ಬರುತ್ತಿದ್ದರು. ಮೇಜಿನಿಂದ ಸ್ವಲ್ಪ ದೂರ ನಿಂತು ನೋಡುತ್ತಿದ್ದರು. ಹೊರಮೈ ಮುಕ್ಕಾಲು ಭಾಗ ಕಂದಾಗಿ ಕಂಡ ದಿನ ಮಾತ್ರ ಹತ್ತಿರ ಬಂದು, ಬಲಗೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ಹೀಗೇ ಇತ್ತು" ಎಂದರು.

ಹೊರಗಿನದು ಮುಗಿದ ಮೇಲೆ ಒಳಭಾಗ. ಈ ಮಾದರಿಯಲ್ಲಿ ತಲೆಗೆ ಆತುಕೊಳ್ಳುವ ಬಟ್ಟೆಯ ಒಳಪಟ್ಟಿ ನೆತ್ತಿಯಲ್ಲಿರುವ ಒಂದೇ ಸ್ಕ್ರೂವಿಗೆ ಜೋತುಬಿದ್ದಿರುತ್ತದೆ. ಸ್ಕ್ರೂವಿನ ತಲೆಯ ಮೇಲೂ ಐದು ಬಣ್ಣ. ಎಣ್ಣೆ ಬಿಟ್ಟು ಎರಡು ದಿನ ನೆನೆಸಿ ಬಿಚ್ಚಿದೆ. ಒಳಪಟ್ಟಿ ಜೀರ್ಣವಾಗಿದ್ದರೂ ಇಡಿಯಾಗಿ ಬಂತು. ಮೇಲಿನ ಬಣ್ಣಗಳನ್ನು ತೆಗೆದ ಮೇಲೆ ನೋಡಿದರೆ, ಒಳ ಅಂಚಿನಲ್ಲಿ ಕುತ್ತಿಗೆಯ ಕಡೆ ಕಪ್ಪು ಬೇರೆ ಕಡೆಗಿಂತ ದಪ್ಪವಿತ್ತು. ಅಷ್ಟೇ ಜಾಗಕ್ಕೆ ಕಪ್ಪನ್ನು ಎರಡು ಮೂರು ಸಲ ಬಳಿದ ಹಾಗೆ ಕಾಣುತ್ತಿತ್ತು. ಅವರು ಹೇಳಿದ ಎಚ್ಚರಿಕೆ ನೆನಪಿತ್ತು. ಜೆಲ್ಲನ್ನು ಅರ್ಧಕ್ಕೆ ತೆಳು ಮಾಡಿ, ಒಂದು ತುದಿಯಲ್ಲಿ ಮಾತ್ರ ಹಚ್ಚಿ, ಕಪ್ಪು ಮೆದುವಾದೊಡನೆ ಹತ್ತಿಯನ್ನು ಉರುಳಿಸಿದೆ.

ಹತ್ತಿ ಮೊದಲು ಕಪ್ಪಾಯಿತು. ಎರಡನೆಯ ಸಲ ಉರುಳಿಸಿದಾಗ ಅದರ ಮೇಲೆ ಬಿಳಿ ಬಂತು.

ಕೈ ತೆಗೆದೆ. ದ್ರಾವಕ ಆರಲು ಬಿಟ್ಟು ಭೂತಗನ್ನಡಿ ಎಳೆದುಕೊಂಡೆ. ಕಂದು ಬಣ್ಣದ ಮೇಲೆ ಬಿಳಿಯಲ್ಲಿ ಬರೆದ ಅಂಕಿಯೊಂದರ ಅರ್ಧ ಉಳಿದಿತ್ತು. ಇನ್ನರ್ಧ ನನ್ನ ಹತ್ತಿಯಲ್ಲಿತ್ತು. ಸೈನಿಕರು ತಮ್ಮ ನಂಬರು, ಹೆಸರು ಬರೆದುಕೊಳ್ಳುವ ಜಾಗ ಅದು. ಬರೆದ ಬಿಳಿ ಬಣ್ಣ ಮೇಲಿನ ಕಪ್ಪಿಗಿಂತಲೂ ಮೆದು. ಕಪ್ಪನ್ನು ಕರಗಿಸುವ ಯಾವ ದ್ರಾವಕವೂ ಬಿಳಿಯನ್ನು ಬಿಡುವುದಿಲ್ಲ. ಇನ್ನೂ ಮೂರು ಬಗೆಯದನ್ನು ಅಂಚಿನ ತುತ್ತತುದಿಯಲ್ಲಿ ಸೂಜಿಮೊನೆಯಷ್ಟೇ ಇಟ್ಟು ನೋಡಿ ಇದನ್ನು ಖಚಿತ ಮಾಡಿಕೊಂಡೆ. ಆಮೇಲೆ ಬಾಟಲಿಗಳ ಮುಚ್ಚಳ ಹಾಕಿ, ಹವಾಲ್ದಾರರಿಗೆ ಫೋನ್ ಮಾಡಿದೆ.

ಮರುದಿನ ಮೊದಲ ಬಸ್ಸಿಗೇ ಬಂದರು. ಅವರನ್ನು ಭೂತಗನ್ನಡಿಯ ಮುಂದೆ ಕೂರಿಸಿದೆ. ಉಳಿದ ಜಾಗದಲ್ಲಿ, ದೀಪವನ್ನು ಓರೆಯಾಗಿ ಹಿಡಿದರೆ, ಕಪ್ಪಿನ ಕೆಳಗೆ ಅಕ್ಷರಗಳ ಉಬ್ಬು ಕಾಣುತ್ತಿತ್ತು. ನಂಬರಿನ ನಂತರ ಕನ್ನಡದಲ್ಲಿ ಒಂದು ಹೆಸರು. ಮೊದಲಕ್ಷರವನ್ನು ಊಹಿಸಬಹುದಿತ್ತು. ಅದು ಅವರ ಹೆಸರಿನ ಮೊದಲಕ್ಷರವಲ್ಲ.

"ಇದು ನಿಮ್ಮದಲ್ಲ" ಎಂದೆ.

"ಅಲ್ಲ" ಎಂದರು. ಆ ದಿನ ಅವರು ಕುರ್ಚಿಯಿಂದ ಏಳಲಿಲ್ಲ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆತನದ ಹುಡುಗ. ಇಬ್ಬರೂ ಒಟ್ಟಿಗೆ ಭರ್ತಿಯಾದವರು, ಒಂದೇ ತುಕಡಿ. ಎಪ್ಪತ್ತೊಂದರ ಡಿಸೆಂಬರಿನಲ್ಲಿ ಗಡಿಯ ಒಂದು ಕಂದಕದಲ್ಲಿ ಒಟ್ಟಿಗೆ ಇದ್ದರು. ಒಂದು ಮುಂಜಾವ ಆ ಹುಡುಗ ಹೊರಗೆ ಹೋದ. ಶೆಲ್ ಬಿತ್ತು. ಅವನ ತಲೆಯ ಮೇಲಿದ್ದದ್ದು ಹವಾಲ್ದಾರರ ಹೆಲ್ಮೆಟ್. ಇವರ ಬಳಿ ಉಳಿದದ್ದು ಅವನದು.

"ಹೆಲ್ಮೆಟ್ಟಿನಲ್ಲಿ ನನ್ನ ಹೆಸರು ನೋಡಿದವ ಒಬ್ಬ ನಮ್ಮ ಕಡೆಯವ ಇದ್ದ. ಗಾಯವಾಗಿ ಮೊದಲೇ ಊರಿಗೆ ಬಂದ. ಸತ್ತದ್ದು ನಾನು ಅಂತ ನಮ್ಮ ಮನೆಗೆ ಬಂದು ಹೇಳಿದ. ಅವನದ್ದು ತಪ್ಪಲ್ಲ, ನೋಡಿದ್ದನ್ನು ಹೇಳಿದ."

ಆ ಸುದ್ದಿ ಕೇಳಿ, ಆ ಹುಡುಗನ ಹೆಂಡತಿ ತನ್ನ ಅತ್ತೆಯೊಂದಿಗೆ ಮಾದಾಪುರಕ್ಕೆ ಬಂದಿದ್ದಳು. ಮದುವೆಯಾಗಿ ಒಂದು ವರ್ಷವೂ ಆಗಿರದ ಹುಡುಗಿ. ಅನ್ನ ಮುಟ್ಟದೆ ಮಲಗಿದ್ದ ಹವಾಲ್ದಾರರ ತಾಯಿಯ ಪಕ್ಕ ಕೂತು, ಗಂಜಿ ಕುಡಿಸಿ, ಅಲ್ಲೇ ಉಳಿದಳು. ನಿಜವಾದ ತಂತಿ ಕುಶಾಲನಗರದ ಮನೆಗೆ ತಲುಪಿದ್ದು ಅದಾದ ಮೇಲೆ. ಅವಳ ಮಾವ ಮಾದಾಪುರಕ್ಕೆ ಬಂದು ಅಂಗಳದಲ್ಲೇ ನಿಂತು ಹವಾಲ್ದಾರರ ತಂದೆಗೆ ಹೇಳಿದ. ಒಳಗೆ ಮಲಗಿದ್ದ ತಾಯಿಗೆ ಅದು ಕೇಳಿಸಿತು.

"ನಮ್ಮ ಅವ್ವ ಎದ್ದು ಕೂತು ಕೈ ಮುಗಿದಳಂತೆ. ನನ್ನ ಮಗ ಉಳಿದ, ಅಂತ. ಆ ಹುಡುಗಿ ಗಂಜಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು." ಹವಾಲ್ದಾರರು ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಅವ್ವ ಸಾಯುವವರೆಗೂ ಅದನ್ನೇ ಹೇಳಿ ಅಳ್ತಿದ್ದಳು. ನಾನು ಅವಳ ಮುಂದೆ ಹೀಗೆ ಮಾಡಿದೆ ಮಗ, ಅಂತ."

ಊರಿಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಒಳ ಅಂಚಿನ ಆ ಹೆಸರಿನ ಮೇಲೆ ಕಪ್ಪು ಬಳಿದದ್ದು. ಮನೆಗೆ ಬಣ್ಣ ಹೊಡೆದಾಗಲೆಲ್ಲ ಇದಕ್ಕೂ ಒಂದು ಕೈ ಬಳಿದರು. ಆ ಹೆಂಗಸು ಈಗ ಚೆಟ್ಟಳ್ಳಿಯಲ್ಲಿದ್ದಾರೆ, ಮತ್ತೆ ಮದುವೆಯಾಗಲಿಲ್ಲ. ಸುಂಟಿಕೊಪ್ಪದ ಸಂತೆಯಲ್ಲಿ ಎಷ್ಟೋ ಸಲ ಎದುರಾಗಿದ್ದಾರೆ. ಇಬ್ಬರೂ ತಲೆಯಾಡಿಸಿ ಮುಂದೆ ಹೋಗುತ್ತಾರೆ.

"ಪೂರ್ತಿ ಶುಚಿ ಮಾಡಿ ಕೊಡಿ. ಅವನು ಬಿಟ್ಟಾಗ ಹೇಗಿತ್ತೋ ಹಾಗೆ ಅವರ ಕೈಗೆ ಕೊಟ್ಟುಬಿಡುವ ಅಂತ ನನಗೆ" ಎಂದರು.

ನಾನು ಮೇಜಿನ ಮೇಲಿದ್ದ ಹತ್ತಿಯನ್ನು ತೋರಿಸಿದೆ. ಉಳಿದ ದಾರಿ ಒಂದೇ ಎಂದು ವಿವರಿಸಿದೆ. ದ್ರಾವಕ ಬಿಟ್ಟು, ಸ್ಕಾಲ್ಪೆಲ್ಲಿನ ಅಲಗಿನಿಂದ ಒಣಗಿದ ಕಪ್ಪನ್ನು ಚಕ್ಕೆ ಚಕ್ಕೆಯಾಗಿ ಎತ್ತುವುದು. ಕಪ್ಪಿನ ಜೊತೆ ಬಿಳಿಯೂ ಎದ್ದು ಬರಬಹುದು. ಹೆಸರು ಪೂರ್ತಿ ಸಿಗಬಹುದು, ಒಂದಕ್ಷರವೂ ಸಿಗದೆ ಹೋಗಬಹುದು. ಹಾಗೇ ಬಿಟ್ಟರೆ ಕಪ್ಪಿನ ಕೆಳಗೆ ಹೆಸರು ಭದ್ರವಾಗಿರುತ್ತದೆ, ಕಾಣುವುದಿಲ್ಲ ಅಷ್ಟೇ.

"ಯಾವುದಾಗಬೇಕು ಅಂತ ಹೇಳಬೇಕಾದವರು ನಾವಿಬ್ಬರೂ ಅಲ್ಲ" ಎಂದೆ. "ಅವರನ್ನು ಕೇಳಬೇಕು."

"ಈಗ ಬೇಡ. ಆದ ಮೇಲೆ."

"ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಅವರನ್ನು ಕೇಳದೆ ನಾನು ಇದರ ಮೇಲೆ ಅಲಗು ಇಡುವುದಿಲ್ಲ."

ಗಿರಾಕಿಗೆ ಹಾಗೆ ಹೇಳಿದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಹೇಳಿದ ಮೇಲೆ, ಅವರು ಹೆಲ್ಮೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಚೀಲವನ್ನು ಮುಟ್ಟಲಿಲ್ಲ.

"ನೀವೂ ಬರಬೇಕು ಹಾಗಾದರೆ" ಎಂದರು.

ಎರಡು ದಿನ ಬಿಟ್ಟು ಜೀಪೊಂದರಲ್ಲಿ ಚೆಟ್ಟಳ್ಳಿಗೆ ಹೋದೆವು. ಎಸ್ಟೇಟೊಂದರ ಕಣದಲ್ಲಿ ಕಾಫಿ ಹಣ್ಣು ಹರಡಿತ್ತು. ಆಕೆ ಅಲ್ಲೇ ನರ್ಸರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ವಯಸ್ಸಾದರೂ ಕೊಯ್ಲಿನ ಕಾಲಕ್ಕೆ ಕಣ ನೋಡಿಕೊಳ್ಳಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವರನ್ನೇ ಕರೆಯುತ್ತಾರೆ. ತಲೆಗೆ ಟವೆಲ್ ಕಟ್ಟಿಕೊಂಡು, ಹಣ್ಣು ಮಗುಚುವ ಹಲಗೆ ಹಿಡಿದು ನಿಂತಿದ್ದರು. ಹವಾಲ್ದಾರರು ಜೀಪಿನಿಂದ ಇಳಿಯುವುದನ್ನು ನೋಡಿ, ಹಲಗೆಯನ್ನು ಗೋಡೆಗೆ ಆನಿಸಿ ಬಂದರು.

ನಾನೇ ಚೀಲ ಬಿಚ್ಚಿ ತೋರಿಸಿದೆ. ಕೆಲಸ ಏನು, ಎಲ್ಲಿ ನಿಂತಿದೆ, ಮುಂದೆ ಹೋದರೆ ಏನಾಗಬಹುದು ಎಂದು ಹೇಳಿದೆ. ಆಕೆ ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಳ್ಳದೆ ಪೂರ್ತಿ ಕೇಳಿಸಿಕೊಂಡರು.

"ನಿಮ್ಮತ್ರ ಐತೆ ಅಂತ ಗೊತ್ತಿತ್ತು ನಂಗೆ" ಎಂದು ಹವಾಲ್ದಾರರಿಗೆ ಹೇಳಿದರು. "ನಿಮ್ಮವ್ವಾರೇ ಹೇಳಿದ್ರು ಎಲ್ರಿಗೂ. ಆ ಹುಡ್ಗ ತನ್ನ ಟೋಪಿ ಬಿಚ್ಚಿ ನನ್ನ ಮಗನ ತಲೆಗೆ ಹಾಕ್ದ, ನನ್ನ ಮಗ ಉಳ್ಕೊಂಡ, ಅಂತ. ಸ್ಟೇಜ್ ಮೇಲೆ ಭಾಷಣದಾಗೂ ಹೇಳಿದ್ರು ಯಾರೋ."

ಹವಾಲ್ದಾರರು ನೆಲ ನೋಡಿದರು.

"ಹೆಸ್ರು ತೆಗೀರಿ" ಎಂದರು ಆಕೆ ನನ್ನ ಕಡೆ ತಿರುಗಿ. "ಹೋದ್ರೆ ಹೋಯ್ತು. ಆದ್ರೆ ನಾನು ಅಲ್ಲಿರ್ಬೇಕು. ಇವರೂ ಇರ್ಬೇಕು. ನಾನೊಂದು ಮಾತು ಕೇಳೋದೈತೆ, ಇಲ್ಲಿ ಕೆಲಸದೋರ ಮುಂದೆ ಬ್ಯಾಡ."

ಕಣಕ್ಕೆ ಬಿಡುವಿದ್ದ ದಿನ ಆಕೆ ನನ್ನ ಕಾರ್ಯಾಗಾರಕ್ಕೆ ಬಂದರು. ಒಗೆದ ಸೀರೆ, ಕೈಯಲ್ಲಿ ಒಂದು ಖಾಲಿ ಬಟ್ಟೆಚೀಲ. ಹವಾಲ್ದಾರರು ಅವರಿಗಿಂತ ಮೊದಲೇ ಬಂದು ಕಿಟಕಿಯ ಬಳಿ ಕೂತಿದ್ದರು. ಆಕೆಗೆ ನನ್ನ ಪಕ್ಕದಲ್ಲೇ ಸ್ಟೂಲು ಹಾಕಿದೆ. ಹೆಲ್ಮೆಟ್ಟನ್ನು ಮರಳು ತುಂಬಿದ ದಿಂಬಿನ ಮೇಲೆ ಮಗುಚಿ ಕೂರಿಸಿ, ದೀಪವನ್ನು ಓರೆಗೆ ತಿರುಗಿಸಿ, ಹೊಸ ಅಲಗು ಹಾಕಿಕೊಂಡೆ.

ಈ ಕೆಲಸದಲ್ಲಿ ಕೆರೆಯುವ ಹಾಗಿಲ್ಲ. ಅಲಗನ್ನು ಬಹುತೇಕ ಮಲಗಿಸಿ ಹಿಡಿದು, ಕಪ್ಪಿನ ಬಿರುಕೊಂದಕ್ಕೆ ತುದಿ ಕೊಟ್ಟು, ಕೈಯ ಭಾರ ಮಾತ್ರ ಬಿಡಬೇಕು. ಚಕ್ಕೆ ತಾನಾಗಿ ಎದ್ದರೆ ಸರಿ, ಏಳದಿದ್ದರೆ ಇನ್ನೊಂದು ಬಿರುಕು ಹುಡುಕಬೇಕು. ಅಕ್ಷರದ ಒಳಗಿನಿಂದ ಹೊರಗೆ ಹೋಗಬಾರದು; ಹೊರಗಿನಿಂದ ಅಕ್ಷರದ ಅಂಚಿನವರೆಗೆ ಬಂದು ನಿಲ್ಲಬೇಕು. ಮೊದಲ ಚಕ್ಕೆಯ ಬೆನ್ನಿಗೆ ಬಿಳಿ ಅಂಟಿಕೊಂಡಿತ್ತು. ಎರಡನೆಯದಕ್ಕೆ ಇರಲಿಲ್ಲ. ಉಸಿರು ಬಿಟ್ಟು ಮುಂದುವರಿಸಿದೆ.

ಎರಡು ಅಂಕಿ ಕಂಡವು. ಆಮೇಲೆ ಆಕೆ, ಕಣ್ಣನ್ನು ನನ್ನ ಕೈಯಿಂದ ತೆಗೆಯದೆ, ಕೇಳಿದರು.

"ಅವ್ರು ಟೋಪಿ ಕೊಟ್ಟಾಗ ಏನಂದ್ರು ನಿಮ್ಗೆ?"

ನಾನು ಅಲಗನ್ನು ಎತ್ತಿ ಹಿಡಿದು ಕೂತೆ.

"ಕೊಡಲಿಲ್ಲ ಅವ" ಎಂದರು ಹವಾಲ್ದಾರರು. "ಯಾರಿಗೂ ಯಾರೂ ಕೊಡಲಿಲ್ಲ. ಕತ್ತಲೆ ಇತ್ತು. ಎರಡೂ ಮರಳಿನ ಮೂಟೆ ಮೇಲೆ ಪಕ್ಕ ಪಕ್ಕ ಇದ್ದವು. ಚಾ ತರಲಿಕ್ಕೆ ಹೋಗುವ ಡ್ಯೂಟಿ ಅವನದ್ದು. ಕೈಗೆ ಸಿಕ್ಕಿದ್ದನ್ನು ತಲೆಗೆ ಹಾಕ್ಕೊಂಡು ಹೋದ. ನಾನು ಮಲಗಿದ್ದೆ. ಅವ ಹೋದದ್ದೂ ನನಗೆ ಗೊತ್ತಿಲ್ಲೆ."

"ಏನೂ ಹೇಳಿಲ್ವಾ?"

"ಇಲ್ಲೆ. ಹಿಂದಿನ ಸಂಜೆ ಹೇಳಿದ್ದು ಗೊತ್ತುಂಟು. ರಜೆ ಸಿಕ್ಕಿದ್ರೆ ನಿಮ್ಮನ್ನು ತಲಕಾವೇರಿಗೆ ಕರ್ಕೊಂಡು ಹೋಗಬೇಕು ಅಂತ ಹೇಳ್ತಿದ್ದ. ಮತ್ತೆ ಚಳಿ ಅಂತ ಹೇಳಿದ. ಅಷ್ಟೇ." ಅವರು ಆಕೆಯ ಕಡೆ ತಿರುಗಿದರು. "ಅವ್ವ ಅವನಿಗೆ ಮರ್ಯಾದೆ ಆಗಲಿ ಅಂತ ಹಾಗೆ ಹೇಳ್ಕೊಂಡು ಬಂದಳು. ನಾನು ಅಲ್ಲ ಅಂತ ಹೇಳಲಿಲ್ಲ. ಹೇಗೆ ಹೇಳುವುದು? ನಿಮಗೂ ಅದೇ ಸಮಾಧಾನ ಅಂತ ತಿಳ್ಕೊಂಡಿದ್ದೆ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಸೆರಗು ಬಿಟ್ಟು ನಿಧಾನವಾಗಿ ಮಾತಾಡಿದರು.

"ಇಷ್ಟು ವರ್ಷ ಅವ್ರ ಮೇಲೆ ಸಿಟ್ಟು ಕಣ್ರಪ್ಪ ನಂಗೆ. ಫೋಟೋ ಮುಂದೆ ದೀಪ ಹಚ್ಚೋವಾಗ್ಲೂ ಸಿಟ್ಟು. ಮನೇಲಿ ಕಾಯ್ತಾ ಕೂತೋಳು ಒಬ್ಳು ಅವ್ಳೆ ಅಂತ ನೆಪ್ಪಾಗ್ಲಿಲ್ವಾ ಈ ಮನುಷ್ಯಂಗೆ, ತಲೆ ಮೇಲಿನ ಟೋಪಿ ಬಿಚ್ಚಿ ಇನ್ನೊಬ್ರಿಗೆ ಕೊಡೋವಾಗ, ಅಂತ. ಎಲ್ರೂ ದೊಡ್ಡ ಮನ್ಸು, ದೊಡ್ಡ ಮನ್ಸು ಅನ್ನೋರು. ನಾನ್ಯಾರ ಮುಂದೆ ಹೇಳ್ಲಿ ಇದ್ನ? ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ. ಅವ್ರ ಮೇಲೆ."

"ನಿಮ್ಮ ಅವ್ವಾರ ಮೇಲೂ ಇರ್ಲಿಲ್ಲ" ಎಂದು ಸೇರಿಸಿದರು. "ಮಗ ಬದುಕವ್ನೆ ಅಂದ್ರೆ ಯಾವ ತಾಯಿಯಾದ್ರೂ ಕೈ ಮುಗಿತಾಳೆ."

ಹವಾಲ್ದಾರರು ಗೋಡೆಯ ಕಡೆ ತಿರುಗಿ ಕೂತರು. ಅವರ ಭುಜ ಅಲುಗುತ್ತಿತ್ತು. ಆಕೆ ಅವರನ್ನು ಸಮಾಧಾನಪಡಿಸಲು ಹೋಗಲಿಲ್ಲ, ನಾನೂ ಹೋಗಲಿಲ್ಲ.

"ನಿಲ್ಲಿಸ್ಬೇಡಿ ಕಣಮ್ಮ" ಎಂದು ಆಕೆ ನನಗೆ ಹೇಳಿದರು.

ಮತ್ತೆ ಅಲಗು ಇಟ್ಟೆ. ಮಧ್ಯಾಹ್ನದವರೆಗೂ ನಂಬರು, ಆಮೇಲೆ ಹೆಸರು. ಮೊದಲೇ ನನ್ನ ಹತ್ತಿಗೆ ಹೋದ ಅಂಕಿಯ ಜಾಗ ಖಾಲಿಯೇ ಉಳಿಯಿತು. ಹೆಸರಿನ ನಡುವಿನ ಅಕ್ಷರವೊಂದು ಎಷ್ಟು ಪ್ರಯತ್ನಿಸಿದರೂ ಕಪ್ಪಿನ ಜೊತೆಗೇ ಎದ್ದು ಹೋಯಿತು. ಉಳಿದವು ನಿಂತವು. ಕುಂಚವಿಲ್ಲದೆ ಕಡ್ಡಿಯ ತುದಿಯಲ್ಲಿ ಬರೆದ ಅಕ್ಷರಗಳು, ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಮರಳಿನ ಮೇಲೆ ಹರಿದಂತೆ. ಕೊನೆಯಕ್ಷರದ ಬಾಲ ಬಲಕ್ಕೆ ಬಹಳ ದೂರ ಚಾಚಿತ್ತು. ಜಾಗವಿದೆಯೆಂದು ಎಳೆದದ್ದಿರಬೇಕು.

"ಹಿಂಗೇ ಎಳೆಯೋರು" ಎಂದರು ಆಕೆ. "ಕಾಗದ ಬರೆದ್ರೂ ಹಿಂಗೇ. ಹಾಳೆಯಿಂದಾಚೆ ಬೀಳೋ ಹಂಗೆ."

ನಾನು ಕೈಗವಸು ಕೊಡಲು ಹೋಗಿ, ಬೇಡವೆನಿಸಿ ಇಟ್ಟುಬಿಟ್ಟೆ. ಆಕೆ ತೋರುಬೆರಳನ್ನು ಆ ಬಾಲದ ಮೇಲೆ ಇಟ್ಟರು, ಆಚೆ ಈಚೆ ಎಳೆಯಲಿಲ್ಲ. ಕಾಫಿ ಹಣ್ಣಿನ ಕರೆಯಿಂದ ಉಗುರ ಸುತ್ತ ಕಪ್ಪಾಗಿದ್ದ ಬೆರಳು. ಹವಾಲ್ದಾರರು ಎದ್ದು ಬಂದು ಆಕೆಯ ಹಿಂದೆ ನಿಂತು ಹೆಸರನ್ನು ಓದಿದರು. ಗಟ್ಟಿಯಾಗಿ, ಹಾಜರಿ ಕರೆಯುವಾಗಿನಂತೆ, ನಂಬರು ಸಮೇತ. ಹೋದ ಅಂಕಿಯೂ ಹೋದ ಅಕ್ಷರವೂ ಅವರ ಬಾಯಲ್ಲಿದ್ದವು.

ಆಮೇಲೆ ಉಳಿದದ್ದು ನನ್ನ ಕೆಲಸ. ಬಿಳಿ ಅಕ್ಷರಗಳು ಉದುರದ ಹಾಗೆ ತೆಳುವಾದ ರಾಳವನ್ನು ಕುಂಚದ ತುದಿಯಿಂದ ಹನಿಸಿ ಭದ್ರ ಮಾಡಿದೆ. ಮರಳು ಕಾಗದ ತಾಗಿ ಬೆತ್ತಲಾಗಿದ್ದ ಜಾಗಕ್ಕೆ ಹೊಸ ಬಣ್ಣ ಹಚ್ಚಲಿಲ್ಲ. ಸಂಗ್ರಾಹಕರಾದರೆ ಅದನ್ನು ಮುಚ್ಚಿಸುತ್ತಿದ್ದರು. ಇಬ್ಬರನ್ನೂ ಕೇಳಿದಾಗ ಇಬ್ಬರೂ ಬೇಡವೆಂದರು. ಒಳಪಟ್ಟಿಯನ್ನು ಹಿಂದಕ್ಕೆ ಕೂರಿಸಿ, ಇಡೀ ಉಕ್ಕಿಗೆ ಮೇಣದ ಕೈ ಕೊಟ್ಟು, ಮುಂದಿನ ವಾರ ಅವರಿಬ್ಬರೂ ಮತ್ತೆ ಬಂದಾಗ ಮೇಜಿನ ಮೇಲಿಟ್ಟೆ.

ಹವಾಲ್ದಾರರು ಅದನ್ನು ಬಲಗೈಯಲ್ಲಿ ಎತ್ತಿ ಆಕೆಯ ಕಡೆ ಚಾಚಿದರು. "ಇದು ನಿಮ್ಮದು."

ಆಕೆ ತೆಗೆದುಕೊಂಡು ಬಟ್ಟೆಚೀಲದಲ್ಲಿ ಹಾಕಿಕೊಂಡರು. ತಾವು ಅದನ್ನು ಹೇಗಿಡಬೇಕೆಂದು ನನ್ನನ್ನು ವಿವರವಾಗಿ ಕೇಳಿದರು. ತೇವ ತಾಗಬಾರದು, ಬರಿಗೈಯಲ್ಲಿ ಪದೇ ಪದೇ ಮುಟ್ಟಬಾರದು ಎಂದೆ. ಎರಡನೆಯದಕ್ಕೆ ಅವರು ಒಪ್ಪಿದ ಹಾಗೆ ಕಾಣಲಿಲ್ಲ.

ಮೂವರೂ ಬಸ್ ನಿಲ್ದಾಣದವರೆಗೆ ಇಳಿದು ಬಂದೆವು. ಮೀನಿನ ಬುಟ್ಟಿಯವರು, ಎಸ್ಟೇಟಿನ ಲೈನುಮನೆಗಳ ಹೆಂಗಸರು, ಶಾಲೆ ಬಿಟ್ಟ ಮಕ್ಕಳು. ಚೆಟ್ಟಳ್ಳಿ ಕಡೆಯ ಬಸ್ಸು ಮೊದಲು ಬಂತು. ಆಕೆ ಹತ್ತಿ ಕಿಟಕಿಯ ಪಕ್ಕ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಹೊರಗೆ ಬಗ್ಗಿ ಹವಾಲ್ದಾರರನ್ನು ಕರೆದರು.

"ಕಾಫಿ ಪಿಕಿಂಗ್ ಮುಗಿಯೋವರ್ಗೂ ನನ್ನತ್ರ ಇರ್ಲಿ. ಆಮೇಲೆ ನಾನೇ ತಂದ್ಕೊಡ್ತೀನಿ. ನನ್ನ ಕಾಲ ಆದ್ಮೇಲೆ ಅವ್ರು ಯಾರು ಅಂತ ಹೇಳೋಕೆ ನಮ್ಮ ಕಡೆ ಯಾರೂ ಇಲ್ಲ. ನಿಮ್ಮ ಮನೇಲಿ ಮಕ್ಳು ಮೊಮ್ಮಕ್ಳು ಅವ್ರೆ. ಬಣ್ಣ ಮಾತ್ರ ಬಳೀಬೇಡಿ."

"ಇಲ್ಲೆ" ಎಂದರು ಹವಾಲ್ದಾರರು.

ಡ್ರೈವರ್ ಗಾಡಿ ಚಾಲೂ ಮಾಡಿದ. ಆಕೆ ಒಳಗೆ ಸರಿದು, ಮತ್ತೆ ಬಗ್ಗಿದರು.

"ಆಗ ನಾನೂ ಅತ್ತೇನೂ ನಡ್ಕೊಂಡೇ ಬಂದಿದ್ವಿ ನಿಮ್ಮನೆಗೆ. ಈಗ ಬಸ್ಸು ಹೋಗ್ತದಾ?"

"ಗೇಟಿನ ಹತ್ರವೇ ನಿಲ್ಲುತ್ತೆ. ನಾನು ಬಂದು ನಿಂತಿರ್ತೇನೆ."